ತಾಂಡಾದ ಹುಡುಗಿಯ ಮನಸ್ಸಿನ ಮಾತನ್ನು ಅಮ್ಮ ಅನುವಾದಿಸಿದರೆ ಸಾಕೇ?

ಹೇಳಿಕೆ: "ಮನಸ್ಸಿನ ಕಷ್ಟ ಎಲ್ಲರಿಗೂ ಒಂದೇ. ಆಪ್ತಸಮಾಲೋಚಕರಿಗೆ ಕನ್ನಡ ಬಂದರೆ ಸಾಕು. ಉಳಿದದ್ದನ್ನು ಮನೆಯವರು ಹೇಳುತ್ತಾರೆ." ಇಂಥ ಮಾತನ್ನು ನೀವೂ ಕೇಳಿರಬಹುದು. ಇದು ಎಷ್ಟು ನಿಜ?

ಸತ್ಯಾಂಶ: ಅರ್ಧ ಮಾತ್ರ. ಖಿನ್ನತೆ ಯಾರಿಗಾದರೂ ಬರಬಹುದು, ಆದರೆ ಅದನ್ನು ಹೇಳಿಕೊಳ್ಳುವ ರೀತಿ ಒಂದೇ ಅಲ್ಲ.

ಶಿಕಾರಿಪುರ, ಸೊರಬ ತಾಲ್ಲೂಕುಗಳ ತಾಂಡಾಗಳಲ್ಲಿ ಲಂಬಾಣಿ ಮನೆಮಾತು. ಶಿರಾಳಕೊಪ್ಪದ ಅನೇಕ ಮನೆಗಳಲ್ಲಿ ಉರ್ದು. ಮಕ್ಕಳು ಶಾಲೆಯಲ್ಲಿ ಕನ್ನಡ ಕಲಿತಿರುತ್ತಾರೆ, ನಿಜ. ಆದರೆ ಪರೀಕ್ಷೆ ಬರೆಯುವ ಭಾಷೆಯಲ್ಲೇ ಎಲ್ಲರಿಗೂ ಅಳು ಬರುವುದಿಲ್ಲ.

ಒಂದು ಸನ್ನಿವೇಶ ಊಹಿಸಿಕೊಳ್ಳಿ. ಹದಿನೇಳರ ಹುಡುಗಿಗೆ ಸದಾ ತಲೆನೋವು, ನಿದ್ದೆಯಿಲ್ಲ. ಮನೆಯಲ್ಲಿ ಮದುವೆ ಮಾತು ನಡೆದಿದೆ, ಅವಳಿಗೆ ಓದುವಾಸೆ. ಪಕ್ಕದಲ್ಲಿ ಕೂತು ಅನುವಾದಿಸುವವರು ಅಮ್ಮ. ಮದುವೆಯ ವಿಷಯ ಅವಳ ಬಾಯಿಂದ ಬರುತ್ತದೆಯೇ? ತಲೆನೋವಿನ ಮಾತ್ರೆಯಷ್ಟೇ ಸಿಗುತ್ತದೆ.

ಹಾಗಾದರೆ ಸಿಬ್ಬಂದಿಗೆ ಯಾವ ತರಬೇತಿ ಬೇಕು?

1. ಅನುವಾದಕರ ಜೊತೆ ಕೆಲಸ: ಮನೆಯವರಲ್ಲದ, ಗುಟ್ಟು ಕಾಯುವ ಅನುವಾದಕರಿರಬೇಕು. ಮಾತನಾಡುವಾಗ ನೋಡಬೇಕಾದದ್ದು ಹುಡುಗಿಯ ಮುಖ, ಅನುವಾದಕರದ್ದಲ್ಲ.

2. ಗೋಪ್ಯತೆ: ಯಾವುದು ಗುಟ್ಟಾಗಿರುತ್ತದೆ, ಜೀವಕ್ಕೆ ಅಪಾಯವಿದ್ದಾಗ ಯಾವುದನ್ನು ಹೇಳಲೇಬೇಕಾಗುತ್ತದೆ ಎಂಬುದನ್ನು ಮೊದಲೇ ತಿಳಿಸಬೇಕು.

3. ನೇರ ಪ್ರಶ್ನೆ: "ಸಾಯುವ ಯೋಚನೆ ಬಂದಿದೆಯೇ?" ಎಂದು ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ನಂಬಿಕೆ. ಕೇಳಿದರೆ ಹೇಳಿಕೊಳ್ಳಲು ದಾರಿಯಾಗುತ್ತದೆ.

4. ತಮ್ಮದೇ ಪೂರ್ವಗ್ರಹ: "ಆ ಜನವೇ ಹಾಗೆ" ಎಂದುಕೊಂಡರೆ ಶಾಲೆಯಲ್ಲಿ ಆದ ಅವಮಾನವಾಗಲಿ, ದುಡಿಮೆಗಾಗಿ ವಲಸೆ ಹೋದ ಅಪ್ಪ ಅಮ್ಮನ ಕೊರತೆಯಾಗಲಿ ಕಾಣುವುದಿಲ್ಲ. ಹರಕೆ, ಪೂಜೆ, ದುವಾವನ್ನು ಗೇಲಿ ಮಾಡಿದರೆ ಆ ಕುಟುಂಬ ಮತ್ತೆ ಬರುವುದಿಲ್ಲ. ಅದರ ಜೊತೆಗೇ ಚಿಕಿತ್ಸೆಯೂ ನಡೆಯಲಿ ಎನ್ನಬೇಕು.

ಕಾನೂನು ಏನು ಹೇಳುತ್ತದೆ? ಧರ್ಮ, ಜಾತಿ, ಸಂಸ್ಕೃತಿ, ಲಿಂಗದ ಆಧಾರದಲ್ಲಿ ಭೇದವಿಲ್ಲದೆ ಚಿಕಿತ್ಸೆ ಪಡೆಯುವುದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಪ್ರಕಾರ ಹಕ್ಕು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ರೂಪಿಸಲಾಗಿದೆ. ಆದರೆ ವೈದ್ಯರು ಬಂದ ಮಾತ್ರಕ್ಕೆ ಮಾತು ಹೊರಬರುವುದಿಲ್ಲ. ಅದಕ್ಕೆ ತರಬೇತಿ ಬೇಕು.

ತೀರ್ಮಾನ: ಹೇಳಿಕೆ ಭಾಗಶಃ ಮಾತ್ರ ಸರಿ. ಫಾರ್ವರ್ಡ್ ಮಾಡುವುದಾದರೆ ಈ ಸಂಖ್ಯೆ ಮಾಡಿ: ಟೆಲಿ ಮಾನಸ್ 14416. ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೂ ಮಾತನಾಡಬಹುದು. ನಿಮ್ಮ ಮನೆಯ ಮಗುವನ್ನು ಆಸ್ಪತ್ರೆಗೆ ಕರೆದೊಯ್ದರೆ, ಹತ್ತು ನಿಮಿಷ ನೀವು ಹೊರಗೆ ಕೂರಿ ಎಂಬುದು ನಮ್ಮ ಕೋರಿಕೆ.