ನೋಬಡಿ ಎಂಬ ಕೆಲಸಗಾರ

ಯಾವುದಾದರೂ ಲಿನಕ್ಸ್ ಸರ್ವರಿನಲ್ಲಿ ಯೂಸರ್‌ಗಳ ಪಟ್ಟಿ ತೆಗೆದು ನೋಡಿ. ನಿಮ್ಮ ಹೆಸರು ಕೊನೆಯಲ್ಲೆಲ್ಲೋ ಇರುತ್ತೆ. ಅದಕ್ಕೂ ಮೊದಲು ಒಂದು ಸಾಲು ಅಪರಿಚಿತರು: ರೂಟ್, ಡೀಮನ್, ಮೇಲ್, ಎಸ್‌ಎಸ್‌ಎಚ್‌ಡಿ, ನೋಬಡಿ. ರೂಟ್ ಒಬ್ಬನನ್ನು ಬಿಟ್ಟರೆ ಉಳಿದವರಿಗೆ ಪಾಸ್‌ವರ್ಡೂ ಇಲ್ಲ, ಲಾಗಿನ್ ಆಗೋಕೂ ಬಿಡಲ್ಲ. ಮತ್ತೆ ಇವರೆಲ್ಲ ಯಾಕಿದ್ದಾರೆ? ಉತ್ತರಕ್ಕೆ ಅರವತ್ತು ವರ್ಷ ಹಿಂದಕ್ಕೆ ಹೋಗಬೇಕು.

1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೋ ಕೊರ್ಬಟೋ ಅವರ ತಂಡ, ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ಸಿಟಿಎಸ್‌ಎಸ್ ಎಂಬ ವ್ಯವಸ್ಥೆ ಕಟ್ಟಿತು. ಹಲವರು ಸೇರಿದ ಮೇಲೆ ಇದು ಯಾರ ಫೈಲು ಅನ್ನೋ ತಕರಾರು ಬರಲೇಬೇಕಲ್ಲ. ಹಾಗಾಗಿ ಪಾಸ್‌ವರ್ಡ್ ಬಂತು. ತೆರೆಮರೆಯಲ್ಲಿ ಸದ್ದಿಲ್ಲದೆ ದುಡಿಯುವ ಪ್ರೋಗ್ರಾಮುಗಳಿಗೆ ಡೀಮನ್ ಎಂದು ಕರೆದವರೂ ಅಲ್ಲಿಯವರೇ. ಇದು ನಮ್ಮ ದೆವ್ವ ಅಲ್ಲ. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಕಲ್ಪಿಸಿಕೊಂಡಿದ್ದ, ಅಣುಗಳನ್ನು ವಿಂಗಡಿಸುತ್ತಾ ಕೂರುವ ಪುಟ್ಟ ಜೀವಿಯ ನೆನಪಿನಲ್ಲಿ ಇಟ್ಟ ಹೆಸರು.

1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯೂನಿಕ್ಸ್ ಶುರು ಮಾಡಿದರು. ಅದರ ಕಾನೂನು ಸರಳ. ಪ್ರತಿ ಫೈಲಿಗೂ ಒಬ್ಬ ಯಜಮಾನ. ಪ್ರತಿ ಪ್ರೋಗ್ರಾಮೂ ಒಬ್ಬ ಯೂಸರಿನ ಹೆಸರಲ್ಲೇ ಓಡಬೇಕು. ಆ ಯೂಸರ್ ನಂಬರ್ ಸೊನ್ನೆ, ಅಂದ್ರೆ ರೂಟ್, ಆಗಿದ್ದರೆ ಮಾತ್ರ ಯಾವ ಫೈಲಿಗೂ ಅಡ್ಡಿಯಿಲ್ಲ.

1975ರಲ್ಲಿ ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ ತಮ್ಮ ಪ್ರಬಂಧದಲ್ಲಿ ಒಂದು ತತ್ವ ಬರೆದಿಟ್ಟರು: ಯಾವ ಪ್ರೋಗ್ರಾಮಿಗೂ ಅದರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಿ, ಹೆಚ್ಚು ಬೇಡ. ಕೇಳೋಕೆ ಅಜ್ಜಿ ಹೇಳಿದ ಬುದ್ಧಿಮಾತಿನ ಹಾಗಿದೆ. ಪಾಲಿಸೋಕೆ ಮಾತ್ರ ಜಗತ್ತಿಗೆ ದಶಕಗಳೇ ಹಿಡಿದವು.

ಯಾಕಂದ್ರೆ 80ರ ದಶಕದಲ್ಲಿ ಬರ್ಕ್ಲಿಯ ಯೂನಿಕ್ಸ್ ಇನ್ನೊಂದು ರೂಢಿ ತಂದಿತ್ತು. 1024ಕ್ಕಿಂತ ಕೆಳಗಿನ ಪೋರ್ಟುಗಳನ್ನು ರೂಟ್ ಮಾತ್ರ ತೆರೆಯಬಹುದು. ಆ ಪೋರ್ಟಿನಿಂದ ಮಾತು ಬಂದರೆ ಆಚೆ ಕಡೆ ಇರೋದು ನಂಬಿಕಸ್ಥ ಅಡ್ಮಿನ್ ಎಂಬ ಲೆಕ್ಕಾಚಾರ. ಮೇಲ್‌ನ ಪೋರ್ಟು 25, ವೆಬ್‌ನ ಪೋರ್ಟು 80. ಹಾಗಾಗಿ ಹೊರಗಿನವರ ಜೊತೆ ಮಾತಾಡುವ ಸರ್ವಿಸುಗಳೇ ರೂಟ್ ಆಗಿ ಶುರುವಾಗಬೇಕಾಯ್ತು. ಬಾಗಿಲು ಕಾಯೋನ ಕೈಯಲ್ಲಿ ತಿಜೋರಿಯ ಬೀಗದಕೈ!

1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಎಂಬ ಕಾರ್ನೆಲ್ ವಿದ್ಯಾರ್ಥಿ ಇಂಟರ್ನೆಟ್ಟಿಗೆ ಬಿಟ್ಟ ವರ್ಮ್ ಸಾವಿರಾರು ಯಂತ್ರಗಳನ್ನು ಮಂಕಾಗಿಸಿತು. ಅದು ಒಳನುಗ್ಗಿದ ಮುಖ್ಯ ದಾರಿಗಳಲ್ಲಿ ಎರಡು, ಮೇಲ್ ಸಾಗಿಸುವ ಸೆಂಡ್‌ಮೇಲ್ ಮತ್ತು ಯೂಸರ್ ಮಾಹಿತಿ ಹೇಳುವ ಫಿಂಗರ್. ಎರಡೂ ಯಾರೂ ಕಣ್ಣಿಡದ ಹಿನ್ನೆಲೆ ಸರ್ವಿಸುಗಳು. ಅದು ಫೈಲ್ ಅಳಿಸಲಿಲ್ಲ ಅನ್ನೋದು ಪುಣ್ಯ. 2001ರ ಜುಲೈನಲ್ಲಿ ಬಂದ ಕೋಡ್ ರೆಡ್, ಮೈಕ್ರೋಸಾಫ್ಟಿನ ವೆಬ್ ಸರ್ವರ್ ಮೂಲಕ ಒಂದೇ ದಿನದಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಯಂತ್ರಗಳಿಗೆ ಹಬ್ಬಿತು. ದಾಳಿಗೆ ಸಿಕ್ಕ ಭಾಗ ಓಡುತ್ತಿದ್ದದ್ದು ವಿಂಡೋಸಿನ ಪರಮಾಧಿಕಾರಿ ಸಿಸ್ಟಮ್ ಅಕೌಂಟಿನ ಹೆಸರಲ್ಲಿ. ಹಾಗಾಗಿ ಒಂದು ತೂತು ಸಿಕ್ಕರೆ ಇಡೀ ಯಂತ್ರ ಕೈವಶ. ವಿಂಡೋಸ್ ಸರ್ವರ್ 2003ರಲ್ಲಿ ವೆಬ್ ಸರ್ವರಿನ ಕೆಲಸಗಾರರನ್ನು ನೆಟ್‌ವರ್ಕ್ ಸರ್ವಿಸ್ ಎಂಬ ಬಡ ಅಕೌಂಟಿಗೆ ಇಳಿಸಿದರು.

ಯೂನಿಕ್ಸ್‌ನಲ್ಲಿ ಬಡವನ ಹೆಸರೇ ನೋಬಡಿ. ಸನ್ ಕಂಪನಿಯ ಎನ್‌ಎಫ್‌ಎಸ್‌ನಲ್ಲಿ, ಬೇರೆ ಯಂತ್ರದ ರೂಟ್ ಬಂದರೆ ಇಲ್ಲಿ ನೀನು ಯಾರೂ ಅಲ್ಲ ಅಂತ ಹೇಳೋಕೆ ಬಳಸಿದ ಅಕೌಂಟ್ ಅದು. ಅಧಿಕಾರವೇ ಇಲ್ಲದವನು ಸಿಕ್ಕನಲ್ಲ ಅಂತ ಅಡ್ಮಿನ್‌ಗಳು ವೆಬ್ ಸರ್ವರನ್ನೂ ಇನ್ನೊಂದಷ್ಟು ಸರ್ವಿಸುಗಳನ್ನೂ ಅವನ ತಲೆಗೇ ಕಟ್ಟಿದರು. ಎಡವಟ್ಟಾಗಿದ್ದೇ ಅಲ್ಲಿ. ಹತ್ತು ಸರ್ವಿಸ್ ಒಂದೇ ಹೆಸರಲ್ಲಿ ಓಡಿದರೆ ಒಂದಕ್ಕೆ ನುಗ್ಗಿದವನು ಉಳಿದ ಒಂಬತ್ತನ್ನೂ ಮುಟ್ಟಬಹುದು. ಯಾರೂ ಅಲ್ಲದವನು ಹೀಗೆ ಮೆಲ್ಲಗೆ ದೊಡ್ಡ ಮನುಷ್ಯನಾಗಿಬಿಟ್ಟ.

ಪಾಠ ಕಲಿತವರು ಕೆಲಸವನ್ನೇ ಹಂಚಿದರು. ಡ್ಯಾನ್ ಬರ್ನ್‌ಸ್ಟೈನ್ ಬರೆದ ಕ್ಯೂಮೇಲ್, ಮೇಲ್ ಸಾಗಿಸುವ ಒಂದೇ ಕೆಲಸವನ್ನು ಹಲವು ಅಕೌಂಟುಗಳಿಗೆ ತುಂಡು ಮಾಡಿಕೊಟ್ಟಿತು. 2002ರಲ್ಲಿ ನೀಲ್ಸ್ ಪ್ರೊವೋಸ್ ಅವರ ಕೆಲಸದಿಂದ ಓಪನ್‌ಎಸ್‌ಎಸ್‌ಎಚ್ ಎರಡಾಗಿ ಸೀಳಿತು. ಅಪರಿಚಿತರ ಜೊತೆ ಮಾತಾಡುವ ಭಾಗ ಅಧಿಕಾರವಿಲ್ಲದೆ ಖಾಲಿ ಫೋಲ್ಡರಿನಲ್ಲಿ ಕೂರುತ್ತೆ. ರೂಟ್ ಅಧಿಕಾರದ ಚಿಕ್ಕ ಭಾಗ ಹಿಂದೆ ನಿಂತು ಕೇಳಿದ್ದನ್ನು ಪರೀಕ್ಷಿಸುತ್ತೆ.

ಈ ಕತೆ ಈಗ ನಿಮ್ಮ ಜೇಬಲ್ಲೂ ಇದೆ. ಆಂಡ್ರಾಯ್ಡ್ ಒಂದೊಂದು ಆಪಿಗೂ ಸಾಮಾನ್ಯವಾಗಿ ಒಂದೊಂದು ಯೂಸರ್ ನಂಬರ್ ಕೊಡುತ್ತೆ, ಹತ್ತು ಸಾವಿರದಿಂದ ಶುರು. ಫೋನು ನಿಮ್ಮೊಬ್ಬರದೇ ಆದರೂ ಒಳಗೆ ಒಂದು ವಠಾರವೇ ಇದೆ. ನಿಮ್ಮ ಗೇಮ್ ಆಪು ಬ್ಯಾಂಕ್ ಆಪಿನ ಫೈಲ್ ಓದೋಕಾಗದಿರಲು ಮುಖ್ಯ ಕಾರಣ ಆ ಹಳೇ ಯೂನಿಕ್ಸ್ ಗೋಡೆಯೇ.

ಆದರೆ ಆಫೀಸಿನಲ್ಲಿ? ಡಾಕರ್ ಕಂಟೇನರಿನೊಳಗೆ ಬೇರೆ ಯೂಸರ್ ಹೇಳದಿದ್ದರೆ ಪ್ರೋಗ್ರಾಮು ಇವತ್ತಿಗೂ ರೂಟ್ ಆಗಿಯೇ ಓಡುತ್ತೆ. ಪರ್ಮಿಷನ್ ಎರರ್ ಬಂತು ಅಂದ್ರೆ 777 ಒತ್ತಿ ಕೈತೊಳೆದುಕೊಳ್ಳುವ ಅಭ್ಯಾಸವೂ ಹೋಗಿಲ್ಲ. ಡೆಡ್‌ಲೈನ್ ಎಲ್ಲರಿಗೂ ಇರುತ್ತೆ, ನಿಜ. ಆದರೂ ರಾತ್ರಿ ಎರಡು ಗಂಟೆಗೆ ನಿಮ್ಮ ಸ್ಕ್ರಿಪ್ಟ್ ಓಡುವಾಗ ಅದು ಯಾರ ಹೆಸರಲ್ಲಿ ಓಡ್ತಿದೆ, ಅವನ ಕೈಯಲ್ಲಿ ಎಷ್ಟು ಬೀಗದಕೈಗಳಿವೆ ಅಂತ ಒಮ್ಮೆ ನೋಡಿ. ನೋಡೋಕೆ ಒಂದೇ ಕಮಾಂಡ್ ಸಾಕು.