ಆ ಕಂಬ ಎಲ್ಲಿಂದ ಬಂತು?

ಮಲೆನಾಡಿನ ಗುಡ್ಡದ ಇಳಿಜಾರಿನಲ್ಲಿ ಮರದ ಮನೆ ಕಟ್ಟಿಸುವ ಆಸೆ ಈಚೆಗೆ ಹೆಚ್ಚಾಗಿದೆ. ಅಂಥ ಮನೆಯ ನಕ್ಷೆಯಲ್ಲಿ ತೊಟ್ಟಿಯೊಂದು, ಸುತ್ತ ನಾಲ್ಕು ಕೆತ್ತನೆಯ ಕಂಬ ಇದ್ದೇ ಇರುತ್ತವೆ. ಕಂಬ ಎಲ್ಲಿಯದೆಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ: ಯಾವುದೋ ಹಳೇ ಮನೆ ಬಿಚ್ಚುವಾಗ ಕೊಂಡದ್ದು. ಹೊಸ ಮರ ಏಕಿಲ್ಲ ಎಂಬುದಕ್ಕೆ ಒಂದು ಚರಿತ್ರೆಯಿದೆ.

ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ ಶುರುವಾದದ್ದು 1864ರಲ್ಲಿ. ಶ್ರೀಗಂಧದ ಮೇಲೆ ಟಿಪ್ಪುವಿನ ಕಾಲದಿಂದಲೂ ಸರ್ಕಾರದ ಹಕ್ಕಿತ್ತು. ಮುಂದೆ ತೇಗ, ಬೀಟೆಗಳೂ ಕಾಯ್ದೆಯ ಮರಗಳಾದವು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಬೆಂಕಿ ಬಿತ್ತು. ಅಲ್ಲಿ ಅದಿರು ಕರಗಿಸಿದ್ದು ಕಲ್ಲಿದ್ದಲಿನಿಂದಲ್ಲ, ಸುತ್ತಲ ಕಾಡಿನ ಮರ ಸುಟ್ಟ ಇದ್ದಿಲಿನಿಂದ. 1936ರಲ್ಲಿ ಅದೇ ಊರಿಗೆ ಕಾಗದದ ಕಾರ್ಖಾನೆಯೂ ಬಂತು. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದು ಶರಾವತಿ ಕಣಿವೆಯ ಊರೂರೇ ನೀರಿನಡಿ ಹೋದವು. ನಾನು ಓದುತ್ತಿರುವ ಶಂಕರಘಟ್ಟದ ಸುತ್ತಲಿನ ಕಾಡೂ ಭದ್ರಾ ಅಣೆಕಟ್ಟೆಗೆ ಒಂದಷ್ಟು ಪಾಲು ಕೊಟ್ಟಿದೆ. ಹೀಗೆ ಮರ ಮನೆಯಿಂದ ದೂರ ಸರಿಯಿತು. ಇದರ ಲೆಕ್ಕವಿಲ್ಲದೆ ‘ಪರಂಪರೆಯ ಶೈಲಿ’ ಎನ್ನುವುದು ನನಗೆ ಸರಿ ಕಾಣುವುದಿಲ್ಲ.

ಹಳೆಯವರ ಜಾಣ್ಮೆ ಕೆತ್ತನೆಯಲ್ಲಿ ಇದ್ದದ್ದಕ್ಕಿಂತ ಜಾಗದ ಆಯ್ಕೆಯಲ್ಲಿ ಹೆಚ್ಚಿತ್ತು. ಕುಪ್ಪಳಿಯ ಕವಿಮನೆ ನೋಡಿ. ಮೂರಂತಸ್ತಿನ ದೊಡ್ಡ ಮನೆ, ನಡುವೆ ತೊಟ್ಟಿ. ಆದರೆ ಅದು ಕೂತಿರುವುದು ಗುಡ್ಡದ ಬುಡದಲ್ಲಿ. ಕವಿಶೈಲ ಇರುವುದು ಮೇಲೆ. ಸೂರ್ಯಾಸ್ತ ನೋಡಬೇಕೆನಿಸಿದರೆ ಕುವೆಂಪು ಹತ್ತಿ ಹೋಗುತ್ತಿದ್ದರು, ಮನೆಯನ್ನು ಅಲ್ಲಿಗೆ ಎಳೆದೊಯ್ಯಲಿಲ್ಲ. ಇಂದಿನವರಿಗೆ ನೋಟ ಕಿಟಕಿಯಿಂದಲೇ ಬೇಕು. ಅದಕ್ಕಾಗಿ ಜೆಸಿಬಿ ತಂದು ಇಳಿಜಾರು ಕಡಿದು ಮಟ್ಟ ಮಾಡುತ್ತಾರೆ, ಮನೆಯ ಹಿಂದೆ ಎತ್ತರದ ಧರೆ ನಿಲ್ಲುತ್ತದೆ. ಕಡಿದ ಧರೆ ಮಳೆಗಾಲದಲ್ಲಿ ಏನು ಮಾಡಬಲ್ಲದೆಂದು 2018ರ ಆಗಸ್ಟಿನಲ್ಲಿ ಕೊಡಗು ಕಂಡಿದೆ.

ಇನ್ನು ಕಟ್ಟುವ ಕ್ರಮ. ಮರಕ್ಕೆ ನೀರು ವೈರಿ, ಗೆದ್ದಲು ಅದಕ್ಕಿಂತ ದೊಡ್ಡ ವೈರಿ. ಆದ್ದರಿಂದ ಕಂಬವನ್ನು ನೆಲದಲ್ಲಿ ಹೂಳದೆ ಕಲ್ಲಿನ ಮೇಲೆ ನಿಲ್ಲಿಸಿದರು. ಗೋಡೆಗೆ ಮಣ್ಣು ಅಥವಾ ಜಂಬಿಟ್ಟಿಗೆ, ಮಾಡಿಗೆ ಕಡಿದಾದ ಇಳಿಜಾರು, ಗೋಡೆಗೆ ಇರಚಲು ತಾಗದಷ್ಟು ಮುಂದೆ ಬಂದ ಸೂರು. ಆಗುಂಬೆಯಂಥಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವಾಗ ಸೂರು ಅಲಂಕಾರದ ಮಾತಲ್ಲ. ಅಂದಹಾಗೆ, ನಾವು ಅಪ್ಪಟ ಮಲೆನಾಡಿನದೆಂದುಕೊಳ್ಳುವ ಕೆಂಪು ಹೆಂಚು ಹೊಸಬ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದೇ 1865ರಲ್ಲಿ. ಪರಂಪರೆ ಅದನ್ನು ಬೇಗನೆ ಒಳಗೆ ಕರೆದುಕೊಂಡಿತು.

ತೊಟ್ಟಿಮನೆ ಉಳ್ಳವರ ಮನೆ ಎಂಬುದನ್ನೂ ಮರೆಯಬಾರದು. ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ಹೆಗ್ಗಡೆಯ ಉಪ್ಪರಿಗೆಯ ಜೊತೆಗೆ ಆಳುಗಳ ಬಿಡಾರವೂ ನೆನಪಿರುತ್ತದೆ. ಬಿದಿರು, ಅಡಿಕೆ ದಬ್ಬೆ, ಸೋಗೆ ಇಷ್ಟರಲ್ಲೇ ಎದ್ದ ಬಿಡಾರಗಳು ಅವು, ಕಾಡಿನಿಂದ ಅತಿ ಕಡಿಮೆ ಕೇಳಿದ ಮನೆಗಳು. ಆ ಬದುಕಿನ ಕಷ್ಟವನ್ನು ಯಾರೂ ಹಾಡಿ ಹೊಗಳಬೇಕಿಲ್ಲ. ಆದರೆ ಹಗುರವಾದ, ಬಿಚ್ಚಿ ಕಟ್ಟಬಹುದಾದ ಆ ಕೌಶಲ ಯಾವ ವಾಸ್ತುಶಿಲ್ಪಿಯ ನಕ್ಷೆಯಲ್ಲೂ ನನಗೆ ಕಂಡಿಲ್ಲ.

ಈಗ ಕಟ್ಟುವವರು ಏನು ಮಾಡಬೇಕು? ಬೀಟೆಯ ಕಂಬ ಹುಡುಕುತ್ತ ಇನ್ನೊಂದು ಹಳೇ ಮನೆ ಬಿಚ್ಚಿಸುವುದಂತೂ ಬೇಡ. ಅದು ನಿಂತಲ್ಲೇ ನಿಲ್ಲಲಿ. ಕಾಗದಕ್ಕೆಂದು ನೆಟ್ಟ ಅಕೇಶಿಯಾ ನಮ್ಮ ಗುಡ್ಡಗಳ ತುಂಬ ನಿಂತಿದೆ. ಕಾಡಿನ ಜಾಗ ಕಸಿದ ಮರವೆಂದು ಬೈಯುವ ನಾವು ಅದನ್ನು ಚೆನ್ನಾಗಿ ಒಣಗಿಸಿ ಮಾಡಿಗೆ, ಜಗಲಿಗೆ ಬಳಸಬಹುದು. ಗೋಡೆ ಜಂಬಿಟ್ಟಿಗೆಯದಿರಲಿ. ಇಳಿಜಾರನ್ನು ಕಡಿಯುವ ಬದಲು ಮನೆಯನ್ನೇ ಎರಡು ಮೂರು ಮಟ್ಟಗಳಲ್ಲಿ ಇಳಿಸಬಹುದು. ಹಿತ್ತಲಲ್ಲಿ ಮುದಿಯಾದ ಹಲಸಿನ ಮರವೊಂದಿದ್ದರೆ ಹೆಬ್ಬಾಗಿಲಿಗೆ ಅಷ್ಟು ಸಾಕು.