ಸುರುಳಿ ಸುಗಂಧಿ

ಶುಂಠಿಯ ಕುಟುಂಬಕ್ಕೆ ಸೇರಿದ, ನೆರಳು ಸಹಿಸುವ ಬಹುವಾರ್ಷಿಕ ಹೂಗಿಡ. ಶಾಸ್ತ್ರೀಯ ನಾಮ ಹೆಡಿಕಿಯಂ ಕೊರೊನೇರಿಯಂ. ಪೂರ್ವ ಹಿಮಾಲಯದಿಂದ ಆಗ್ನೇಯ ಏಷ್ಯದವರೆಗಿನ ತಂಪು ಕಾಡುಗಳ ಮೂಲದ್ದು. ಮಲೆನಾಡಿನ ಮನೆಗಳಲ್ಲಿ ಬಚ್ಚಲ ನೀರು ಹರಿಯುವ ಕಡೆ ನೆಟ್ಟರೆ ತಾನಾಗಿ ಹಬ್ಬಿಕೊಳ್ಳುತ್ತದೆ.

ಗಿಡ 1ರಿಂದ 2 ಮೀಟರ್ ಎತ್ತರ. ಮಳೆಗಾಲದಲ್ಲಿ ಕಾಂಡದ ತುದಿಗೆ ಹೆಂಚು ಹೊದಿಸಿದಂತೆ ಹಸಿರು ಪುಷ್ಪಪತ್ರಗಳು ಮೂಡಿ, ಅವುಗಳ ಸಂದಿನಿಂದ ಸುರುಳಿ ಸುತ್ತಿದ ಮೊಗ್ಗು ಹೊರಬರುತ್ತದೆ. ಸಂಜೆ ಬಿರಿಯುವ ಹೂವಿನ ಪರಿಮಳಕ್ಕೆ ಇರುಳ ಪತಂಗಗಳು ಬರುತ್ತವೆ. ಅಗಲವಾಗಿ ಎದ್ದು ಕಾಣುವ ಬಿಳಿ ಭಾಗ ದಳವೇ ಅಲ್ಲ, ಮಾರ್ಪಟ್ಟ ಕೇಸರ. ನಿಜವಾದ ದಳಗಳು ಸಪೂರವಾಗಿ ಹಿಂದೆ ಜೋತಿರುತ್ತವೆ. ಮುಡಿಯಲು ಚೆಂದ, ಆದರೆ ಬೇಗ ಬಾಡುತ್ತದೆ.

ಮುಂಗಾರಿಗೆ ಮೊದಲು ಗೆಡ್ಡೆಯನ್ನು ಕಣ್ಣಿರುವಂತೆ ತುಂಡರಿಸಿ, ಗೊಬ್ಬರ ಬೆರೆಸಿದ ಮಣ್ಣಿನಲ್ಲಿ ಮೇಲುಮೇಲೆಯೇ ನೆಡಬೇಕು. ಬೆಳಗಿನ ಎಳೆಬಿಸಿಲು, ಮಧ್ಯಾಹ್ನದ ನೆರಳು ಉತ್ತಮ. ದಟ್ಟ ನೆರಳಾದರೆ ಬರೀ ಎಲೆ. ಸುಡುಬಿಸಿಲಾದರೆ ಎಲೆಯಂಚು ಕರಕಲಾಗುತ್ತದೆ. ತೇವ ಆರಬಾರದು. ಒಮ್ಮೆ ಹೂಬಿಟ್ಟ ಕಾಂಡ ಮತ್ತೆ ಹೂಬಿಡದು, ಬುಡಕ್ಕೆ ಕತ್ತರಿಸುವುದು ಒಳ್ಳೆಯದು. ಗೆಡ್ಡೆ ಒತ್ತೊತ್ತಾದಾಗ ಕಿತ್ತು ಬೇರ್ಪಡಿಸಿ ನೆಡಬೇಕು.

ಕ್ಯೂಬಾದ ರಾಷ್ಟ್ರಪುಷ್ಪ ಇದು. ಆದರೆ ಬ್ರೆಜಿಲ್ ಮತ್ತು ಹವಾಯಿಯಲ್ಲಿ ತೊರೆದಂಡೆಗಳನ್ನು ಆಕ್ರಮಿಸುವ ಕಳೆ.